ಗೋಡೆಗೂ ನೆಲಕ್ಕೂ ನಡುವೆ ಹತ್ತು ಮಿಲಿ

ಮರದ ನೆಲ ಹಾಸಿ ಗೋಡೆಯ ಬುಡಕ್ಕೆ ಸ್ಕರ್ಟಿಂಗ್ ಪಟ್ಟಿ ಹೊಡೆಯುವ ಕೆಲಸ ಕಲಿಯುತ್ತಿರುವವರು ಈಗ ಶಿವಮೊಗ್ಗದಲ್ಲೂ ಭದ್ರಾವತಿಯಲ್ಲೂ ಬಹಳ ಜನ ಇದ್ದಾರೆ. ಸಿಕ್ಕಾಗಲೆಲ್ಲ, 'ಶೇಖರಾಚಾರ್ರೇ, ನಿಮ್ಮ ಅನುಭವ ಬರೆದಿಡಿ, ನಮಗೆ ಉಪಯೋಗ ಆಗುತ್ತೆ' ಎನ್ನುತ್ತಾರೆ. ನಾನು ಏಳನೇ ತರಗತಿಗೆ ಶಾಲೆ ಬಿಟ್ಟವನು. ಆಮೇಲೆ ಪೆನ್ಸಿಲ್ ಹಿಡಿದದ್ದೆಲ್ಲ ಹಲಗೆಯ ಮೇಲೆ ಗೆರೆ ಎಳೆಯುವುದಕ್ಕೆ. ಮಂಡಿ ಸೋತು ಕೆಲಸ ಬಿಟ್ಟು ಎರಡು ವರ್ಷವಾಯಿತು. ಈಗ ಬರೆಯಲು ಕೂತಿದ್ದೇನೆ. ಕೆಲಸದ ಕ್ರಮವನ್ನೂ ಬರೆಯುತ್ತೇನೆ. ಆದರೆ ಬರೆಯಲೇಬೇಕಾದದ್ದು ಬೇರೆ ಇದೆ. ಈ ಕೆಲಸವನ್ನು ನಮ್ಮೂರಿಗೆ ಮೊದಲು ಸರಿಯಾಗಿ ತಂದವನು ನನ್ನ ತಮ್ಮ ವಸಂತ. ಅವನ ಕೈ ಸರಿಯಿಲ್ಲ ಎಂದು ಊರು ನಂಬುವ ಹಾಗೆ ಮಾಡಿದವನು ನಾನು. ಅವನೂ ಅದನ್ನೇ ನಂಬಿ ಹನ್ನೆರಡು ವರ್ಷ ಬದುಕಿದ.

ನಮ್ಮಪ್ಪ ಭದ್ರಾವತಿಯ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿದ್ದರು. ಕಬ್ಬಿಣ ಎರಕ ಹೊಯ್ಯುವ ಮೊದಲು ಅದೇ ಆಕಾರವನ್ನು ಮರದಲ್ಲಿ ಕೆತ್ತಿಕೊಡುವ ಕೆಲಸ ಅದು. ನ್ಯೂ ಟೌನಿನ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಕ್ಕಪಕ್ಕದಲ್ಲಿ ತಮಿಳಿನವರು, ತೆಲುಗಿನವರು. ಅವರ ಮನೆಯ ಮಂಚ, ಕಪಾಟು ಕೆಟ್ಟರೆ ಅಪ್ಪನೇ ರಿಪೇರಿ. ನಾವು ಒಂದು ಜೋಡಣೆ ಮಾಡಿ ತೋರಿಸಿದರೆ ಅಪ್ಪ ಶೇವಿಂಗ್ ಬ್ಲೇಡನ್ನು ತಂದು ಸಂದಿಗೆ ಇಡುತ್ತಿದ್ದರು. ಬ್ಲೇಡು ಒಳಗೆ ಹೋಯಿತೋ, ಇಡೀ ಜೋಡಣೆಯನ್ನು ಬಿಚ್ಚಿಸುತ್ತಿದ್ದರು. ಬೈಯುತ್ತಿರಲಿಲ್ಲ. ಬ್ಲೇಡನ್ನು ಅಲ್ಲೇ ಸಿಕ್ಕಿಸಿ ಎದ್ದು ಹೋಗುತ್ತಿದ್ದರು. ಆ ಬ್ಲೇಡನ್ನು ನಾವೇ ಕೀಳಬೇಕಿತ್ತು. ಹಾಗೆ ಕಲಿತದ್ದರಿಂದ ನನ್ನ ತಲೆಯಲ್ಲಿ ಒಂದು ವಿಷಯ ಗಟ್ಟಿಯಾಗಿ ಕೂತುಬಿಟ್ಟಿತು: ಸಂದು ಕಂಡರೆ ಅದು ಕೆಲಸಗಾರನ ಮರ್ಯಾದೆ ಹೋದ ಹಾಗೆ.

ವಸಂತ ನನಗಿಂತ ಒಂಬತ್ತು ವರ್ಷ ಚಿಕ್ಕವನು. ಅಪ್ಪನ ಹತ್ತಿರ ನಾನು ತಲೆ ತಗ್ಗಿಸಿ ಕಲಿತೆ, ಅವನು ಪ್ರಶ್ನೆ ಕೇಳಿ ಕಲಿತ. 'ಬ್ಲೇಡು ಹೋಗಬಾರದು ಸರಿ, ಯಾಕೆ ಹೋಗಬಾರದು?' ಎನ್ನುತ್ತಿದ್ದ. 'ಇವನನ್ನ ವಕೀಲನ ಹತ್ತಿರ ಬಿಡಬೇಕಿತ್ತು ಮಾರಾಯ, ತಪ್ಪಿ ಬಡಗಿ ಮನೇಲಿ ಹುಟ್ಟಿದ್ದಾನೆ' ಎಂದು ಅಪ್ಪ ನಗುತ್ತಿದ್ದರು. ಅವನು ಎಸ್ಸೆಸ್ಸೆಲ್ಸಿ ಪಾಸಾದ. ಅಪ್ಪ ತೀರಿಕೊಂಡ ಮೇಲೆ ನಾನೇ ಅವನನ್ನು ಕೆಲಸಕ್ಕೆ ಕರೆದುಕೊಂಡು ತಿರುಗಿದೆ.

ನಮಗೆ ಕೆಲಸ ಕೊಡುತ್ತಿದ್ದವರು ಶಿವಮೊಗ್ಗದ ಕಂಟ್ರಾಕ್ಟರ್ ನಜೀರ್ ಭಾಯ್. ಮೇಲಿನವರಲ್ಲಿ ನಾನು ಕಂಡ ಒಳ್ಳೆಯ ಮನುಷ್ಯರಲ್ಲಿ ಅವರೊಬ್ಬರು. ಸ್ಕರ್ಟಿಂಗ್ ಮುಗಿದ ಮೇಲೆ ಕೋಣೆಯ ಕಿಟಕಿ ಮುಚ್ಚಿ, ಟಾರ್ಚನ್ನು ನೆಲದ ಮೇಲೆ ಮಲಗಿಸಿ, ಬೆಳಕನ್ನು ಪಟ್ಟಿಯ ಉದ್ದಕ್ಕೂ ಬಿಡುತ್ತಿದ್ದರು. ಪಟ್ಟಿ ಎಲ್ಲಿ ಉಬ್ಬಿದೆ, ಎಲ್ಲಿ ಒಳಗೆ ಹೋಗಿದೆ ಎಂಬುದು ನೆರಳಿನಲ್ಲಿ ಕಾಣುತ್ತಿತ್ತು. ನೀವೂ ಅದನ್ನು ಮಾಡಿ ನೋಡಿ. ಈಗಿನ ಲೇಸರ್ ಮಟ್ಟ ಅದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ಅವರ ಕೈಕೆಳಗೆ ನಾನು ಮಾಡಿದ ಮೊದಲ ಎಡವಟ್ಟು ಮೂಲೆಗಳದ್ದು. ಒಬ್ಬ ಡಾಕ್ಟರ ಮನೆಗೆ ಸಾಗುವಾನಿ ಪಟ್ಟಿ. ಎರಡು ಗೋಡೆ ಸೇರುವಲ್ಲಿ ಎರಡೂ ಪಟ್ಟಿಯ ತುದಿಯನ್ನು ನಲವತ್ತೈದು ಡಿಗ್ರಿಗೆ ಕೊಯ್ದರೆ ಸರಿಹೋಗುತ್ತದೆ ಎಂದುಕೊಂಡು ನೆಲದ ಮೇಲೆ ಕೂತು ಎಲ್ಲ ಕೋಣೆಗೂ ಒಂದೇ ಸಲ ಕೊಯ್ದಿಟ್ಟೆ. ಗೋಡೆಗೆ ಹಿಡಿದರೆ ಒಂದು ಮೂಲೆಯೂ ಕೂಡಲಿಲ್ಲ. ಕೆಲವು ಕಡೆ ಮುಂದೆ ಬಾಯಿ ಬಿಟ್ಟಿತ್ತು, ಕೆಲವು ಕಡೆ ಹಿಂದೆ. ನಜೀರ್ ಭಾಯ್ ಬಂದು ನೋಡಿ, 'ಉಸ್ತಾದ್, ಗೋಡೆ ಕಟ್ಟಿದೋನು ನಿಮ್ಮ ಹಂಗೆ ಮೂಲೆಮಟ್ಟ ಇಟ್ಕೊಂಡು ಕಟ್ಟಿಲ್ಲ. ಮೊದಲು ಗೋಡೇನ ಕೇಳಿ, ಆಮೇಲೆ ಗರಗಸಾನ ಕೇಳಿ' ಎಂದರು. ಮರ ದುಬಾರಿಯದು, ನನಗೆ ಬೆವರು ಇಳಿಯಿತು. ಅವತ್ತಿನಿಂದ ಒಳಮೂಲೆಗೆ ಓರೆ ಕೊಯ್ಯುವುದನ್ನೇ ಬಿಟ್ಟೆ. ಒಂದು ಪಟ್ಟಿಯನ್ನು ನೇರವಾಗಿ ಗೋಡೆಯವರೆಗೆ ತಳ್ಳಿ, ಎರಡನೆಯದರ ತುದಿಯನ್ನು ಮೊದಲನೆಯದರ ಮೈಯ ಆಕಾರಕ್ಕೇ ಕೆತ್ತಿ ಕೂರಿಸಬೇಕು. ಗೋಡೆ ಎಷ್ಟೇ ಸೊಟ್ಟ ಇದ್ದರೂ ಅದು ಕೂಡುತ್ತದೆ. ಮೆಷಿನ್ನು ಬಂದ ಮೇಲೆ ಇದನ್ನು ಯಾರೂ ಮಾಡುತ್ತಿಲ್ಲ. ಸಂದಿಗೆ ಪೇಸ್ಟ್ ಮೆತ್ತಿ ಬಣ್ಣ ಹೊಡೆಯುತ್ತಾರೆ, ಒಂದು ಬೇಸಿಗೆ ಕಳೆದರೆ ಬಿರುಕು.

ಆಮೇಲೆ ಈ ತೇಲುವ ನೆಲ ಬಂತು. ಒಂದಕ್ಕೊಂದು ಟಕ್ ಎಂದು ಸಿಕ್ಕಿಕೊಳ್ಳುವ ಹಲಗೆಗಳು. ಕೆಳಗೆ ತೆಳುವಾದ ಫೋಮ್ ಹಾಳೆ. ಹಲಗೆಗೆ ಮೊಳೆ ಇಲ್ಲ, ನೆಲಕ್ಕೆ ಅಂಟು ಇಲ್ಲ. ಹಾಲ್ ಪೂರ್ತಿ ಹಾಸಿದ ಮೇಲೆ ಅದು ಒಂದೇ ಚಾಪೆಯ ಹಾಗೆ ಬಿಡಿಯಾಗಿ ಮಲಗಿರುತ್ತದೆ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಿಗ್ಗುವುದಕ್ಕೆ ಜಾಗ ಬೇಕಲ್ಲ, ಅದಕ್ಕೆ ನಾಲ್ಕೂ ಗೋಡೆಯ ಬುಡದಲ್ಲಿ ಹತ್ತು ಮಿಲಿ ಸಂದು ಬಿಡಬೇಕು. ಆ ಸಂದನ್ನು ಮುಚ್ಚುವುದೇ ಸ್ಕರ್ಟಿಂಗಿನ ಕೆಲಸ. ಅದನ್ನು ಗೋಡೆಗೆ ಮಾತ್ರ ಬಿಗಿಯಬೇಕು, ನೆಲಕ್ಕೆ ಒಂದು ಮೊಳೆಯೂ ತಾಗಬಾರದು. ಮೊಳೆ ತಾಗಿದರೆ ನೆಲವನ್ನು ಕಟ್ಟಿಹಾಕಿದ ಹಾಗೆ.

ಇದನ್ನು ಕಲಿಸಲು ಹಲಗೆಯ ಕಂಪನಿಯವರು ಬೆಂಗಳೂರಿನಲ್ಲಿ ಎರಡು ದಿನದ ತರಬೇತಿ ಇಟ್ಟರು. ನಜೀರ್ ಭಾಯ್ ನಮ್ಮಿಬ್ಬರಲ್ಲಿ ಒಬ್ಬರನ್ನು ಕಳಿಸುತ್ತೇನೆ ಎಂದಾಗ, ದೊಡ್ಡವನು ನಾನು, ನನ್ನನ್ನೇ ಕಳಿಸುತ್ತಾರೆ ಎಂದುಕೊಂಡಿದ್ದೆ. 'ವಸಂತ ಹೋಗಲಿ, ಇಂಗ್ಲಿಷ್ ಓದ್ತಾನೆ' ಎಂದರು. ನಾನು, 'ಹೂಂ, ಹೋಗಲಿ ಬಿಡಿ, ನನಗೆ ಅಷ್ಟು ದೂರ ಆಗಲ್ಲ' ಎಂದೆ. ಅವನು ಒಂದು ಸರ್ಟಿಫಿಕೇಟು ಹಿಡಿದು, ತಲೆಗೊಂದು ಕಂಪನಿಯ ಟೋಪಿ ಹಾಕಿಕೊಂಡು ಬಂದ. ಟೋಪಿಯನ್ನು ನನಗೆ ಕೊಟ್ಟ. ನಾನು ಅದನ್ನು ಒಂದು ದಿನವೂ ಹಾಕಲಿಲ್ಲ.

ಅವತ್ತಿನಿಂದ ಕೆಲಸದ ಜಾಗದಲ್ಲಿ ನೆಲ ಅವನದು, ಸ್ಕರ್ಟಿಂಗ್ ನನ್ನದು ಎಂದಾಯಿತು. ಮನೆಯವರು ಏನೇ ಕೇಳಬೇಕಾದರೂ ಅವನನ್ನೇ ಕೇಳುತ್ತಿದ್ದರು.

ಹೊಳೆಹೊನ್ನೂರಿನಲ್ಲಿ ಒಬ್ಬ ಅಕ್ಕಿ ಗಿರಣಿಯವರ ಹೊಸ ಮನೆ. ಗೃಹಪ್ರವೇಶಕ್ಕೆ ಎಂಟೇ ದಿನ ಇತ್ತು. ಹಲಗೆಯ ಕಟ್ಟುಗಳೆಲ್ಲ ಬಂದು ಬಿದ್ದಿದ್ದವು. ವಸಂತ ನೆಲಕ್ಕೆ ಕೈಯಿಟ್ಟು ನೋಡಿ, ಒಂದು ಪ್ಲಾಸ್ಟಿಕ್ ಹಾಳೆಯನ್ನು ಸಿಮೆಂಟಿನ ಮೇಲೆ ಹರಡಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, 'ನಾಳೆ ಬರ್ತೀನಿ' ಎಂದು ಎದ್ದ.

ಗಿರಣಿ ಯಜಮಾನರು ನನ್ನ ಮುಖ ನೋಡಿದರು. 'ಏನ್ರೀ ಆಚಾರ್ರೇ, ನಿಮ್ಮ ತಮ್ಮ ನೆಲಕ್ಕೆ ಬ್ಯಾಂಡೇಜ್ ಹಾಕಿ ಹೊಂಟ?'

ನಾನೂ ಅವರ ಜೊತೆ ಸೇರಿ ನಕ್ಕೆ. 'ಬೆಂಗಳೂರಿಂದ ಕಲ್ತು ಬಂದಿದಾನೆ ಸ್ವಾಮಿ, ಜ್ವರ ನೋಡ್ತಾನೆ.'

ಮರುದಿನ ಹಾಳೆಯನ್ನು ಎತ್ತಿದರೆ ಒಳಮೈಗೆಲ್ಲ ನೀರಿನ ಹನಿ. ಸಿಮೆಂಟ್ ಇನ್ನೂ ಆರಿರಲಿಲ್ಲ. 'ಈಗ ಹಾಕಿದ್ರೆ ಹಲಗೆ ಕಪ್ಪಾಗುತ್ತೆ ಯಜಮಾನ್ರೇ. ಗೃಹಪ್ರವೇಶ ಬರೀ ಸಿಮೆಂಟ್ ನೆಲದ ಮೇಲೆ ಮಾಡ್ಕೊಳ್ಳಿ, ಒಂದೂವರೆ ತಿಂಗಳು ಬಿಟ್ಟು ಬರ್ತೀನಿ' ಎಂದ ವಸಂತ. ಅವರು ಕೂಗಾಡಿದರು. ಅವನು ಜಗ್ಗಲಿಲ್ಲ. ಅವರು ಬೇರೆಯವರನ್ನು ಕರೆಸಿ ಹಾಕಿಸಿಕೊಂಡರು. ಮುಂದಿನ ಮಳೆಗಾಲಕ್ಕೆ ಆ ಹಲಗೆಗಳ ಅಂಚೆಲ್ಲ ಕಪ್ಪಾಗಿ ಮೇಲೆದ್ದವು. ಆಮೇಲೆ ವಸಂತನನ್ನೇ ಕರೆದು ಎಲ್ಲ ಕೀಳಿಸಿ ಹೊಸದಾಗಿ ಹಾಕಿಸಿದರು. ಆ ನೆಲ ಇವತ್ತಿಗೂ ಚೆನ್ನಾಗಿದೆ.

ಈ ಸಂಗತಿ ಬಾಯಿಂದ ಬಾಯಿಗೆ ಹರಡಿತು. 'ನೆಲ ಅಂದ್ರೆ ವಸಂತ' ಎಂದು ಜನ ಹೇಳತೊಡಗಿದರು. ಅಣ್ಣನಾಗಿ ನಾನು ಹಿಗ್ಗಬೇಕಿತ್ತು. ಹೊರಗೆ ಹಿಗ್ಗಿದ ಹಾಗೆಯೇ ಇದ್ದೆ. ಒಳಗೆ ಮಾತ್ರ, ನಾನು ಹೆಗಲ ಮೇಲೆ ಕೂರಿಸಿಕೊಂಡು ಸಂತೆಗೆ ಕರೆದುಕೊಂಡು ಹೋಗುತ್ತಿದ್ದವನು ಈಗ ನನಗೆ 'ಅಣ್ಣ, ನೆಲಕ್ಕೆ ಮೊಳೆ ತಾಗಿಸಬೇಡ' ಎಂದು ಪ್ರತಿ ಮನೆಯಲ್ಲೂ ಹೇಳುತ್ತಾನಲ್ಲ ಎನ್ನುವುದು ಕುಟುಕುತ್ತಿತ್ತು.

ಈಗ ನವುಲೆಯ ಮನೆಯ ವಿಷಯ.

ಸುಬ್ರಾಯ ಮೇಷ್ಟ್ರು ಸಂಸ್ಕೃತದ ಅಧ್ಯಾಪಕರಾಗಿ ನಿವೃತ್ತರಾದವರು. ಮಗಳು ಸುಮಾ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ತಂದೆಯ ಜೊತೆಗೇ ಇದ್ದಾರೆ. ಟೈಲ್ಸ್ ನೆಲ ಮೇಷ್ಟ್ರ ಕಾಲಿಗೆ ತಂಪು ಹಿಡಿಯುತ್ತದೆಂದು ಹಾಲಿಗೆ ಮರದ ನೆಲ ಹಾಕಿಸಲು ಮಗಳು ನಿರ್ಧರಿಸಿದರು. ಬೇಸಿಗೆಯ ಕೊನೆ. ಹಾಲ್ ದೊಡ್ಡದು, ಇಪ್ಪತ್ತೆರಡು ಅಡಿ ಉದ್ದ. ವಸಂತ ಹತ್ತು ಮಿಲಿ ದಪ್ಪದ ಪ್ಲೈವುಡ್ ಚೂರುಗಳನ್ನು ಗೋಡೆಯ ಬುಡಕ್ಕೆ ಇಟ್ಟುಕೊಂಡು, ಅಳತೆ ಒಂದು ಗೆರೆಯೂ ತಪ್ಪದ ಹಾಗೆ ನೆಲ ಹಾಸಿದ. ಮುಗಿದ ಮೇಲೆ ಚೂರುಗಳನ್ನು ತೆಗೆದು ಎಣಿಸಿ ಚೀಲಕ್ಕೆ ಹಾಕಿಕೊಂಡ. ಒಂದು ಚೂರು ಒಳಗೆ ಉಳಿದರೂ ನೆಲಕ್ಕೆ ತಡೆಯಾಗುತ್ತದೆ ಎಂದು ಎಣಿಸುತ್ತಿದ್ದ.

ಅಷ್ಟರಲ್ಲಿ ವಸಂತನ ಪುಟ್ಟ ಮಗಳಿಗೆ ಜ್ವರ ಎಂದು ಭದ್ರಾವತಿಯಿಂದ ಅವನಿಗೆ ಫೋನ್ ಬಂತು. 'ಸ್ಕರ್ಟಿಂಗ್ ನೀನು ನೋಡ್ಕೋ ಅಣ್ಣ' ಎಂದು ಹೋದ.

ಮರುದಿನ ಬೆಳಿಗ್ಗೆ ನಾನು ಒಬ್ಬನೇ ಪಟ್ಟಿ ಕೊಯ್ಯುತ್ತಿದ್ದೆ. ಮೇಷ್ಟ್ರು ಪೂಜೆ ಮುಗಿಸಿ ಬಂದು ಗೋಡೆಯ ಬುಡದಲ್ಲಿ ಬಗ್ಗಿ ನೋಡಿದರು.

'ಶೇಖರಾ, ಇದೇನಯ್ಯ ಇದು? ನನ್ನ ಕಿರುಬೆರಳು ಹೋಗುತ್ತೆ.'

'ಅದು ಬಿಡಬೇಕು ಮೇಷ್ಟ್ರೇ, ತಮ್ಮ ಬಿಟ್ಟಿದಾನೆ. ಪಟ್ಟಿ ಹೊಡೆದ್ರೆ ಕಾಣಲ್ಲ.'

'ಕಾಣಲ್ಲ ಅಂದ್ರೆ? ಮುಚ್ಚಿಡೋದು ಅಂತಾಯ್ತಲ್ಲ. ನಿಮ್ಮಪ್ಪ ಮಾಡಿದ ಪೆಟ್ಟಿಗೆ ನಮ್ಮ ಮಾವನ ಮನೇಲಿತ್ತು ಕಣಯ್ಯ. ಅದರಲ್ಲಿ ಗಾಳಿ ಹೋಗ್ತಿರಲಿಲ್ಲ. ಅಂಥೋರ ಮಕ್ಕಳು ನೀವು.'

ವಸಂತ ಅಲ್ಲಿದ್ದಿದ್ದರೆ ಕೂತು ವಿವರಿಸುತ್ತಿದ್ದ. ವಿವರಿಸಲು ನನಗೂ ಬರುತ್ತಿತ್ತು, ಅವನ ಬಾಯಿಂದ ಹತ್ತು ಸಲ ಕೇಳಿದ್ದೆ. ಆದರೆ ಮೇಷ್ಟ್ರು ಅಪ್ಪನ ಹೆಸರು ಎತ್ತಿದ್ದರು. ಬ್ಲೇಡು ಕೂಡ ಹೋಗಬಾರದು ಎಂದು ಕಲಿತವನ ಕಣ್ಣೆದುರು ಬೆರಳು ಹೋಗುವ ಸಂದು. ಅದೂ ಅಲ್ಲದೆ, ಆ ಹೊತ್ತಿನಲ್ಲಿ ಮೇಷ್ಟ್ರಿಗೆ 'ಇದು ಕೆಲಸ' ಎನಿಸುವ ಒಂದು ಕೆಲಸವನ್ನು ನಾನು ಮಾಡಿ ತೋರಿಸಬೇಕು ಎನಿಸಿತು. ತಮ್ಮ ಬಿಟ್ಟ ಕುಂದನ್ನು ಅಣ್ಣ ಸರಿಮಾಡಿದ ಎಂದು ಅವರು ಹೇಳಲಿ ಎನ್ನುವ ಆಸೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದೇ ಇದು.

ಉಳಿದಿದ್ದ ಮರದ ಉದ್ದ ಪಟ್ಟಿಯನ್ನು, ಅಂದರೆ ರೀಪರನ್ನು, ಹತ್ತು ಮಿಲಿ ದಪ್ಪಕ್ಕೆ ಸೀಳಿ, ನುಣ್ಣಗೆ ಮಾಡಿ, ಎದುರುಬದುರು ಎರಡು ಉದ್ದದ ಗೋಡೆಗಳ ಸಂದಿಗೂ ಕೊಡತಿಯಿಂದ ಬಡಿದು ಕೂರಿಸಿದೆ. ಬ್ಲೇಡು ಹೋಗುವುದಿರಲಿ, ನೀರು ಕೂಡ ಇಳಿಯದ ಹಾಗೆ ಕೂತಿತು. ಸ್ಕರ್ಟಿಂಗಿನ ಬುಡ ಬಿಗಿಯಾಗಿರಲಿ ಎಂದು ಅಲ್ಲಲ್ಲಿ ಓರೆಯಾಗಿ ನೆಲಕ್ಕೂ ಮೊಳೆ ಹೊಡೆದೆ. ಮೇಷ್ಟ್ರು ಬೆರಳಿಟ್ಟು ನೋಡಿ, 'ಇದು ಕೆಲಸ' ಎಂದರು. ಅವತ್ತು ಅವರ ಮನೆಯ ಕಾಫಿ ಎರಡು ಸಲ ಕುಡಿದೆ.

ವಸಂತ ಬಂದು ನೋಡಿದಾಗ ಸ್ಕರ್ಟಿಂಗ್ ಹೊಡೆದಾಗಿತ್ತು. ಮೂಲೆಗಳನ್ನು ನೋಡಿ, 'ನಿನ್ನ ಹಂಗೆ ಮೂಲೆ ಕೂರಿಸೋರು ಶಿವಮೊಗ್ಗದಲ್ಲಿ ಇಲ್ಲ ಅಣ್ಣ' ಎಂದ.

ಜುಲೈ ತಿಂಗಳಲ್ಲಿ ನಜೀರ್ ಭಾಯಿಂದ ಫೋನ್ ಬಂತು. ಮೂವರೂ ಹೋದೆವು. ಹಾಲಿನ ನಡುವೆ ನೆಲ ಹೊಟ್ಟೆ ಉಬ್ಬಿಸಿಕೊಂಡು ಮೇಲೆದ್ದಿತ್ತು. ಸುಮಾ ಮೇಡಂ ಟೀಪಾಯಿಯನ್ನು ಪಕ್ಕಕ್ಕಿಟ್ಟಿದ್ದರು. ಕಾಲಿಟ್ಟರೆ ನೆಲ ಬುಸ್ ಎಂದು ತಗ್ಗಿ, ಕಾಲು ತೆಗೆದರೆ ಮತ್ತೆ ಏಳುತ್ತಿತ್ತು. ಮೇಷ್ಟ್ರು ಗೋಡೆ ಹಿಡಿದುಕೊಂಡು ಓಡಾಡುತ್ತಿದ್ದರು. ಸಂದು ತುಂಬಿಸಿದ್ದು ಇದಕ್ಕೆ ಕಾರಣ ಎಂದು ಅವರಿಗೆ ಹೊಳೆದಿರಲಿಲ್ಲ. ಅವರ ಪ್ರಕಾರ ನೆಲ ಕೆಟ್ಟಿತ್ತು, ನೆಲ ಹಾಸಿದವನು ವಸಂತ. ನನಗೆ ಬಾಗಿಲಲ್ಲೇ ತಿಳಿಯಿತು.

ವಸಂತ ಮಂಡಿಯೂರಿ ಕೂತು ಉಬ್ಬನ್ನು ಸವರಿ, 'ಗೋಡೆಗೆ ತಾಗಿದೆ ಅಣ್ಣ. ಎಲ್ಲೋ ತಾಗಿದೆ. ಸ್ಕರ್ಟಿಂಗ್ ಬಿಚ್ಚಿ ನೋಡಬೇಕು' ಎಂದ.

'ನೀನು ಭಾಯ್ ಗೋಡೌನಿಗೆ ಹೋಗಿ ಕೊಯ್ಯೋ ಮೆಷಿನ್ ತಗೊಂಡು ಬಾ. ಅಷ್ಟರಲ್ಲಿ ನಾನು ಬಿಚ್ಚಿರ್ತೀನಿ' ಎಂದೆ.

ಅವನು ಹೋದ. ನಜೀರ್ ಭಾಯ್ ಮತ್ತು ಮೇಷ್ಟ್ರು ವರಾಂಡದಲ್ಲಿ ಮಾತಾಡುತ್ತಿದ್ದರು. ನಾನು ಪಟ್ಟಿ ಬಿಚ್ಚಿ, ತುಂಬಿದ್ದ ರೀಪರುಗಳನ್ನು ಒಂದೊಂದೇ ಎಬ್ಬಿಸಿ, ತುಂಡು ಮಾಡಿ ನನ್ನ ಚೀಲದ ತಳಕ್ಕೆ ಹಾಕಿದೆ. ತೆಗೆದಂತೆಲ್ಲ ಹಲಗೆಗಳು ಗೋಡೆಯ ಕಡೆಗೆ ಸರಿದು ಉಬ್ಬು ಅರ್ಧಕ್ಕರ್ಧ ಇಳಿಯಿತು. ವಸಂತ ಹಾಸಿದ ನೆಲಕ್ಕೆ ಬೇಕಾಗಿದ್ದದ್ದು ಅವನು ಬಿಟ್ಟಿದ್ದ ಜಾಗ ಒಂದೇ ಎಂದು ನನ್ನ ಕಣ್ಣೆದುರೇ ತಿಳಿದುಹೋಯಿತು. ಆಗಲಾದರೂ ಕೂಗಿ ಹೇಳಬಹುದಿತ್ತು.

ಅವನು ಬಂದು ಸಂದಿಗೆ ಸ್ಕೇಲ್ ಇಟ್ಟ. ಆರು ಮಿಲಿ.

'ನಾನು ಹತ್ತು ಬಿಟ್ಟಿದ್ದೆ. ನಾಲ್ಕು ಹಿಗ್ಗಿದೆ ಅಂತಾನೇ ಇಟ್ಕೋ, ಇನ್ನೂ ಆರು ಇದೆಯಲ್ಲ. ಜಾಗ ಇದ್ದೂ ನೆಲ ಯಾಕೆ ಎದ್ದಿತು?'

ಅಪ್ಪನಿಗೆ ಕೇಳುತ್ತಿದ್ದ ಹಾಗೆಯೇ ಯಾಕೆ ಎಂದು ಕೇಳಿದ. ವರಾಂಡದವರಿಬ್ಬರೂ ಬಾಗಿಲಿಗೆ ಬಂದಿದ್ದರು. ಈ ಮಿಲಿಯ ಲೆಕ್ಕ ಮೇಷ್ಟ್ರಿಗೆ ತಿಳಿಯುವಂಥದ್ದಲ್ಲ.

ನಾನು ಹೇಳಿದೆ: 'ಹತ್ತು ಎಲ್ಲಿ ಬಿಟ್ಟಿದ್ದೆ? ಆವತ್ತು ಮಗೂಗೆ ಜ್ವರ ಅಂತ ಫೋನ್ ಬಂದಿತ್ತಲ್ಲ, ಗಡಿಬಿಡೀಲಿ ಕಡಿಮೆ ಬಿಟ್ಟಿದೀಯ. ಈಗ ಪಟ್ಟಿ ಕೀಳೋವಾಗ ಹಲಗೆ ಸರಿದು ಜಾಗ ಕಾಣ್ತಿದೆ, ಅಷ್ಟೇ.'

ಫೋನ್ ಬಂದದ್ದು ನೆಲ ಮುಗಿದ ಮೇಲೆ. ಅದು ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆದರೆ ಅವನು ನನ್ನ ಮುಖ ನೋಡಿದ. ನಾನು ಸುಳ್ಳು ಹೇಳುತ್ತೇನೆ ಎನ್ನುವುದು ಅವನ ಲೆಕ್ಕದಲ್ಲೇ ಇರಲಿಲ್ಲ. ನನ್ನ ಬದಲು ತನ್ನ ನೆನಪನ್ನೇ ಅನುಮಾನಿಸಿದ. 'ಇರಬಹುದು' ಎಂದ.

ಮೊಳೆಯ ತೂತುಗಳಿದ್ದ ಅಂಚನ್ನು ಅವನು ಬಗ್ಗಿ ನೋಡುವ ಮೊದಲೇ ಮೆಷಿನ್ ಹಿಡಿದು ಇನ್ನಷ್ಟು ಕೊಯ್ದುಬಿಟ್ಟೆ. ಸಂದು ಅಗಲವಾಗಿ ಹಳೆಯ ಸ್ಕರ್ಟಿಂಗ್ ಸಾಲದೆ ಅದರ ಮುಂದೆ ಬೀಡಿಂಗ್ ಎಂಬ ಇನ್ನೊಂದು ದಪ್ಪ ಪಟ್ಟಿ ಹೊಡೆಯಬೇಕಾಯಿತು. ಮೇಷ್ಟ್ರು ನಜೀರ್ ಭಾಯಿಗೆ ಹೇಳಿದರು: 'ದೊಡ್ಡವನು ಇದ್ದದ್ದಕ್ಕೆ ಬಚಾವಾಯ್ತು. ಚಿಕ್ಕವನ ಕೈಗೆ ಇನ್ನು ಮೇಲೆ ನೆಲ ಕೊಡಬೇಡಿ.' ವಸಂತ ಪಕ್ಕದಲ್ಲೇ ಕಸ ಗುಡಿಸುತ್ತಿದ್ದ.

ಮೇಷ್ಟ್ರು ಕೆಟ್ಟವರಲ್ಲ. ಆದರೆ ಮಾತುಗಾರರು. ನವುಲೆಯ ಕಡೆ ಯಾರೇ ಮನೆ ಕಟ್ಟಿದರೂ ಅವರನ್ನು ಒಂದು ಮಾತು ಕೇಳುತ್ತಿದ್ದರು. ಕೆಲಸ ಕಡಿಮೆಯಾಯಿತು. ಆದರೂ ಹೆಸರು ಕೆಟ್ಟದ್ದಕ್ಕಿಂತ ದೊಡ್ಡದು ಇನ್ನೊಂದು ನಡೆಯಿತು. ತನ್ನ ಹತ್ತು ಮಿಲಿ ಯಾವತ್ತೂ ಕಡಿಮೆಯೇ ಬೀಳುತ್ತದೆ ಎಂದು ನಂಬಿ ವಸಂತ ಹೆಚ್ಚು ಬಿಡಲು ಶುರುಮಾಡಿದ. ಮೊದಲು ಹದಿನಾಲ್ಕು, ಆಮೇಲೆ ಹದಿನೆಂಟು. ಸ್ಕರ್ಟಿಂಗ್ ದಪ್ಪವೇ ಹನ್ನೆರಡು ಮಿಲಿ. ಹೊಡೆದ ಮೇಲೂ ಪಟ್ಟಿಯ ಮುಂದೆ ಸಂದು ಇಣುಕುತ್ತಿತ್ತು. ನ್ಯೂ ಟೌನಿನ ಒಂದು ಮನೆಯಲ್ಲಿ ಆ ಮನೆಯಾಕೆ ಅದರೊಳಗಿಂದ ಪೊರಕೆ ಕಡ್ಡಿಯಿಂದ ಕಸ ತೆಗೆದು ತೋರಿಸಿದರಂತೆ. 'ನೆಲ ಹಾಕ್ದೆಯೋ, ಚರಂಡಿ ಮಾಡ್ದೆಯೋ' ಎಂದರಂತೆ. 'ಕಡಿಮೆ ಮಾಡೋ' ಎಂದು ನಾನು ಹೇಳಿದರೆ, 'ಬೇಡ ಅಣ್ಣ, ಒಂದು ಸಲ ಕಡಿಮೆ ಬಿಟ್ಟು ನೋಡಿದೀನಲ್ಲ' ಎನ್ನುತ್ತಿದ್ದ. ಅದಕ್ಕೆ ನನ್ನಲ್ಲಿದ್ದ ಒಂದೇ ಉತ್ತರವನ್ನು ನಾನು ಹೇಳಲಿಲ್ಲ.

ಕೊನೆಗೆ ನಜೀರ್ ಭಾಯ್ ಅವನನ್ನು ಕರೆದು ಹೆಗಲ ಮೇಲೆ ಕೈಯಿಟ್ಟು, 'ಬೇಟಾ, ನಿನಗೆ ಈಗ ನಿನ್ನ ಕೈ ಮೇಲೇ ಭರೋಸಾ ಇಲ್ಲ. ಸ್ವಲ್ಪ ದಿನ ಬಿಡು' ಎಂದರು. ಅವನು ಪೂರ್ತಿಯೇ ಬಿಟ್ಟ. ಭದ್ರಾವತಿಯ ಒಂದು ಪ್ಲೈವುಡ್ ಅಂಗಡಿಯಲ್ಲಿ ಬೇರೆಯವರು ಬರೆದುಕೊಟ್ಟ ಅಳತೆಗೆ ಹಲಗೆ ಕೊಯ್ದುಕೊಡುವ ಕೆಲಸಕ್ಕೆ ಸೇರಿದ. ನಾನು ಶಿವಮೊಗ್ಗದಲ್ಲಿ ನೆಲವನ್ನೂ ಸ್ಕರ್ಟಿಂಗನ್ನೂ ಮಾಡಿಕೊಂಡು ಹೆಸರು ಪಡೆದೆ. ಎಲ್ಲ ಮನೆಯಲ್ಲೂ ಹತ್ತೇ ಮಿಲಿ ಬಿಟ್ಟೆ. ಅವನು ಕಲಿಸಿದ ಅಳತೆಯಿಂದಲೇ ಬದುಕಿದೆ. ಒಂದು ನೆಲವೂ ಏಳಲಿಲ್ಲ.

ಈಚೆಗೆ ನಮ್ಮ ಬಡಗಿಗಳ ಸಂಘದವರು ಶಿವಮೊಗ್ಗದಲ್ಲಿ ಹೊಸಬರಿಗೆ ಒಂದು ದಿನದ ಸಭೆ ಇಟ್ಟು, ನನ್ನನ್ನು ಮಾತಾಡಲು ಕರೆದರು. ವಸಂತನೂ ಭದ್ರಾವತಿಯಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ನಾನು ಸಂದು ಬಿಡುವ ವಿಷಯ ಹೇಳುತ್ತಿದ್ದಾಗ ಒಬ್ಬಾತ ಎದ್ದು, 'ಮಳೆ ಜಾಸ್ತಿ ಇರೋ ಕಡೆ ಹತ್ತು ಸಾಕಾಗುತ್ತಾ ಸಾರ್?' ಎಂದು ಕೇಳಿದ. ಸಂಘದ ಕಾರ್ಯದರ್ಶಿ, 'ವಸಂತಣ್ಣನೂ ಬಂದಿದಾರೆ, ಅವರೂ ಹೇಳಲಿ' ಎಂದರು.

ವಸಂತ ಎದ್ದು ನಿಂತ. 'ನನ್ನ ಕೇಳಬೇಡಿ. ನನ್ನ ಅಳತೆ ತಪ್ಪಿ ಒಂದು ಮನೆ ನೆಲ ಎದ್ದಿದೆ. ಅಣ್ಣ ಹೇಳಿದ್ದನ್ನ ಕೇಳಿ' ಎಂದು ಹೇಳಿ ಕೂತುಕೊಂಡ. ಅವನ ಮಾತಿನಲ್ಲಿ ಕಹಿ ಇರಲಿಲ್ಲ. ಹೊಸಬರಿಗೆ ತಪ್ಪು ಹೇಳಿಕೊಡಬಾರದು ಎನ್ನುವ ಕಾಳಜಿ ಇತ್ತು. ನಾನು ಮುಂದೆ ಏನು ಮಾತಾಡಿದೆನೋ ನೆನಪಿಲ್ಲ.

ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ, ಸಭೆ ಮುಗಿಸಿ ಭದ್ರಾವತಿಯ ಬಸ್ಸಿಗೆ ಕಾಯುತ್ತ ಕೂತಾಗ, ಅವನಿಗೆ ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಕೇಳಿದ:

'ಯಾವ ಗೋಡೆ?'

'ಎರಡೂ ಉದ್ದದ ಗೋಡೆ.'

'ನೆಲಕ್ಕೂ ಮೊಳೆ ಹೊಡೆದಿದ್ದೆಯಾ?'

'ಹೂಂ.'

'ರೀಪರ್ ಬಿಗಿಯಾಗಿ ಕೂತಿತ್ತಾ?'

'ಬ್ಲೇಡು ಹೋಗ್ತಿರಲಿಲ್ಲ.'

'ಹಂಗಾದ್ರೆ ನಾನು ಹತ್ತೇ ಬಿಟ್ಟಿದ್ದೆ. ಒಂದೇ ಸಮ ಇತ್ತು, ಅದಕ್ಕೇ ಅಷ್ಟು ಚೆನ್ನಾಗಿ ಕೂತಿದೆ' ಎಂದ. ಭದ್ರಾವತಿ ಬಸ್ಸು ಬಂತು. 'ನೀನು ಹಿಂದೆ ಬರೋ ಬಸ್ಸಿಗೆ ಬಾ' ಎಂದು ಹೇಳಿ ಒಬ್ಬನೇ ಹತ್ತಿ ಹೋದ.

ಎಂಟು ದಿನ ಫೋನಿಲ್ಲ. ಒಂಬತ್ತನೆಯ ದಿನ ಅವನೇ ಮಾಡಿದ. 'ಭಾನುವಾರ ಮೇಷ್ಟ್ರ ಮನೆಗೆ ಬಾ. ನನಗೆ ಹೇಳಿದ್ದನ್ನ ಅವರಿಗೂ ಹೇಳು.'

ಹೋದೆ. ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ. ನಾನು ಹೇಳಿದ್ದನ್ನು ಸುಮಾ ಮೇಡಂ ಅವರ ಕಿವಿಯ ಹತ್ತಿರ ಮತ್ತೆ ಗಟ್ಟಿಯಾಗಿ ಹೇಳಬೇಕಾಯಿತು. ಹಾಗಾಗಿ ನನ್ನ ತಪ್ಪನ್ನು ನಾನು ಎರಡು ಸಲ ಕೇಳಿದೆ, ಒಮ್ಮೆ ನನ್ನ ಬಾಯಿಂದ, ಒಮ್ಮೆ ಅವರ ಬಾಯಿಂದ.

ಮೇಷ್ಟ್ರು ಕನ್ನಡಕ ತೆಗೆದು ವಸಂತನ ಕಡೆ ತಿರುಗಿದರು. 'ತುಂಬು ಅನ್ನೋ ಹಾಗೆ ಮಾತಾಡಿದ್ದು ನಾನೇ ಕಣಪ್ಪ. ಅದರಲ್ಲಿ ನನ್ನ ಪಾಲೂ ಇದೆ. ಆದರೆ ಹನ್ನೆರಡು ವರ್ಷ ನಿನ್ನ ಮೇಲೆ ಇಲ್ಲದ್ದನ್ನ ಹೇಳಿಕೊಂಡು ತಿರುಗಿದೆನಲ್ಲ. ನಾನು ಯಾರಿಗೆ ಹೇಳಿದ್ದೆನೋ ಅವರಲ್ಲಿ ಅರ್ಧ ಜನ ಈಗ ಬದುಕೇ ಇಲ್ಲ. ಅವರಿಗೆಲ್ಲ ಹೇಗಯ್ಯಾ ತಿಳಿಸಲಿ?' ನನ್ನ ಕಡೆ ಅವರು ನೋಡಲಿಲ್ಲ.

ಸುಮಾ ಮೇಡಂ ವಸಂತನನ್ನು ಕೇಳಿದರು: 'ಮಹಡಿ ಮೇಲಿನ ಕೋಣೆಗೆ ನೆಲ ಹಾಕಿಸಬೇಕು ಅಂತಿದ್ದೆ. ನೀವು ಮಾಡ್ತೀರಾ?'

ವಸಂತ ಕೂಡಲೇ ಹೂಂ ಎನ್ನಲಿಲ್ಲ. 'ರೂಢಿ ತಪ್ಪಿ ತುಂಬಾ ದಿನ ಆಯ್ತು ಮೇಡಂ' ಎಂದ. ಆಮೇಲೆ ಎದ್ದು ಮಹಡಿ ಹತ್ತಿ, ಕೋಣೆಯನ್ನು ನೋಡಿ ಬಂದು, 'ಮಾಡ್ತೀನಿ' ಎಂದ.

ಹೋದ ವಾರ ಆ ಕೆಲಸ ನಡೆಯಿತು. ಅಂಗಡಿಗೆ ಮೂರು ದಿನ ರಜೆ ಹಾಕಿ ಬಂದಿದ್ದ. ನಾನೂ ಹೋದೆ. ಮಂಡಿಯೂರಲು ಆಗದ ನನಗೆ ಹಲಗೆ ಎತ್ತಿಕೊಡುವುದಷ್ಟೇ ಸಾಧ್ಯ. ಮೊದಲ ಗೋಡೆಗೆ ಅವನು ಚೂರುಗಳನ್ನು ಇಟ್ಟಾಗ ನೋಡಿದೆ, ಹದಿನಾಲ್ಕು ಮಿಲಿಯವು. ಎರಡು ಸಾಲು ಹಾಸಿದ ಮೇಲೆ ಅವನು ತಾನೇ ನಿಲ್ಲಿಸಿ, ಆ ಚೂರುಗಳನ್ನು ತೆಗೆದು, ಕೆಳಗಿನಿಂದ ಪ್ಲೈ ತುಂಡು ತಂದು ಹತ್ತು ಮಿಲಿಯ ಹೊಸ ಚೂರು ಮಾಡಿಕೊಂಡ. ಎರಡೂ ಸಾಲನ್ನು ಮತ್ತೆ ಹಾಸಿದ. ಮುಗಿದ ಮೇಲೆ ಸಂದಿಯನ್ನು ಒಂದೊಂದು ಅಡಿಗೂ ಸ್ಕೇಲ್ ಇಟ್ಟು ನೋಡಿದ. ಎಲ್ಲೂ ಹತ್ತೇ ಇತ್ತು.

ಇನ್ನು ಸ್ಕರ್ಟಿಂಗ್ ಉಳಿದಿತ್ತು. ಮೂಲೆಗೆ ಕೆತ್ತಬೇಕಾದ ಪಟ್ಟಿಯನ್ನು ನಾನು ಕೈಗೆ ತೆಗೆದುಕೊಂಡೆ. ಇಷ್ಟಾದರೂ ಕೂತುಕೊಂಡು ಮಾಡಿಕೊಡಬಹುದು ಎನಿಸಿತ್ತು.

ವಸಂತ ಬಂದು ಪಟ್ಟಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡ.

'ಇದನ್ನ ನಾನೇ ಹೊಡೀತೀನಿ. ನೀನು ಊರಿಗೆ ಹೊರಡು ಅಣ್ಣ.'

'ಕೂತಿರ್ತೀನಿ ಬಿಡೋ. ಜೊತೇಲೇ ಹೋಗೋಣ.'

'ಬೇಡ. ನೀನು ಹೋದ್ಮೇಲೆ ಹೊಡೀತೀನಿ.'

ನಾನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿದೆ. ಗೇಟಿನ ಹತ್ತಿರ ಹೋಗುವವರೆಗೂ ಮೇಲಿನಿಂದ ಸದ್ದಿರಲಿಲ್ಲ. ಗೇಟಿನ ಚಿಲಕ ಹಾಕಿದ ಮೇಲೆ ಡ್ರಿಲ್ ಶುರುವಾಯಿತು. ಪಟ್ಟಿ ದಾಟಿದ ಮೇಲೆ ನೆಲದ ಹಲಗೆಗೆ ಹೋಗುವ ಡ್ರಿಲ್ಲಿನ ಸದ್ದು ಮೆತ್ತಗೆ, ಗೋಡೆಯ ಇಟ್ಟಿಗೆಗೆ ಹೋಗುವುದು ಕರಕರ ಎನ್ನುತ್ತದೆ. ನಾಲ್ಕೂ ಗೋಡೆ ಮುಗಿಯುವವರೆಗೆ ರಸ್ತೆಯಲ್ಲಿ ನಿಂತು ಕೇಳಿದೆ. ಒಂದು ಸಲವೂ ಅದು ಮೆತ್ತಗಾಗಲಿಲ್ಲ.